ಕರಿನಾಳದ ಸೀಸೆ

“ಹಲ್ಲು ಸುಳ್ಳು ಹೇಳುವುದಿಲ್ಲ” ಎಂದು ತುಂಬರಗಿ ನಗರ ಪಾಲಿಕೆಯವರು ನಿರಾಶ್ರಿತರ ಕೇಂದ್ರದ ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ಬರೆಸಿದ್ದರು. ಒಂದೊಂದು ಅಕ್ಷರವೂ ಆಳೆತ್ತರ. ಅದೇ ಗೋಡೆಯ ಮೇಲೆ ಮೊದಲು “ಊಟಕ್ಕೆ ಬರ್ರಿ” ಎಂದಿತ್ತು. ಅದನ್ನು ಯಾರೋ ಇದ್ದಿಲಿನಲ್ಲಿ ಗೀಚಿದ್ದರು. ಇದ್ದಿಲಿನ ಅಕ್ಷರಕ್ಕೆ ಪಾಲಿಕೆಯ ಮಂಜೂರಾತಿ ಇರಲಿಲ್ಲ. ಆದರೂ ಹಸಿದವರಿಗೆ ಅದು ಚೆನ್ನಾಗಿ ಅರ್ಥವಾಗುತ್ತಿತ್ತು.

ಕೇಂದ್ರದ ಮೇಲ್ವಿಚಾರಕ ಯಂಕಪ್ಪ ವಡ್ಡರನಿಗೆ ಆ ಇದ್ದಿಲಿನ ಕಾಲ ಚೆನ್ನಾಗಿ ನೆನಪಿದೆ. ಹಳೇ ಹತ್ತಿ ಗೋದಾಮು ಅದು. ಬಾಗಿಲು ಒಂದೇ, ಕಿಟಕಿಗೆ ಸರಳಿಲ್ಲ. ಮಧ್ಯಾಹ್ನ ಹನ್ನೆರಡಕ್ಕೆ ಮಾರ್ಕೆಟ್ಟಿನ ಹಮಾಲರು ಉಳಿದ ರೊಟ್ಟಿ ತಂದು ಬುಟ್ಟಿಗೆ ಹಾಕುತ್ತಿದ್ದರು. ಬಂದವರನ್ನು ಕೇಳುತ್ತಿದ್ದದ್ದು ಎರಡೇ ಮಾತು: “ಉಂಡೀ ಏನು? ಮೈಯಾಗ ಆರಾಮ ಐತಿ?” ಊರು ಯಾವುದು ಎಂದು ಕೇಳುತ್ತಿದ್ದದ್ದು ಊಟವಾದ ಮೇಲೆ, ಮಾತಿಗೆ ಮಾತು ಬೆಳೆಸುವುದಕ್ಕೆ.

ಆಮೇಲೆ ಕಾಯ್ದೆ ಬಂತು. ಊರೂರಿನ ದಿಕ್ಕಿಲ್ಲದವರಿಗೆಲ್ಲ ನಾವೇಕೆ ಖರ್ಚು ಮಾಡಬೇಕು ಎಂದು ಪಾಲಿಕೆಯ ಸದಸ್ಯರು ಮೇಜು ಕುಟ್ಟಿದರು. ಯಾವ ಊರಿನ ನೀರು ಕುಡಿದು ಮನುಷ್ಯ ಬೆಳೆದನೋ ಆ ಊರಿನ ಪಂಚಾಯಿತಿಯೇ ಅವನ ಅನ್ನದ ಖರ್ಚು ಕಟ್ಟಬೇಕು ಎಂದು ನಿಯಮವಾಯಿತು. ಮೂರು ತಿಂಗಳಲ್ಲಿ ಕಟ್ಟದಿದ್ದರೆ ಆ ಮನುಷ್ಯನನ್ನು ಪಾಲಿಕೆಯ ವ್ಯಾನಿನಲ್ಲಿ ಕೂರಿಸಿ ಆ ಊರಿಗೇ ಬಿಟ್ಟು ಬರುವುದು. ಒಂದು ವಿನಾಯಿತಿ ಇತ್ತು: ಸರ್ಕಾರವೇ ಎಬ್ಬಿಸಿದ ಊರಿನವರಾದರೆ ಖರ್ಚು ರಾಜ್ಯದ್ದು, ಅವರನ್ನು ಸಾಯುವ ತನಕ ಎಲ್ಲಿಗೂ ಕದಲಿಸುವಂತಿಲ್ಲ.

ಯಾವ ಊರು ಎನ್ನುವುದಕ್ಕೆ ಬಾಯಿಮಾತು ನಡೆಯುತ್ತಿರಲಿಲ್ಲ. ಅದಕ್ಕೇ ಹಲ್ಲಿನ ಯಂತ್ರ.

ಯಂತ್ರ ಬಂದ ದಿನ ಅದನ್ನು ತಿಳಿಸಿ ಹೇಳಲು ಪಾಲಿಕೆಯ ಪ್ರಯೋಗಾಲಯದಿಂದ ಶಬಾನಾ ನದಾಫ್ ಬಂದಿದ್ದರು. ಮೂವತ್ತೈದರ ಹೆಂಗಸು, ಕೈಯಲ್ಲೊಂದು ಕರಿಕಲ್ಲಿನ ಚೂರು.

“ಈ ಕಲ್ಲಿನಾಗ ಸ್ಟ್ರಾನ್ಷಿಯಂ ಅಂತ ಒಂದು ಧಾತು ಐತಿ. ಅದರಾಗ ಹಗುರಂದು ಒಂದು ತರ, ಭಾರದ್ದು ಒಂದು ತರ. ಎರಡೂ ಎಷ್ಟೆಷ್ಟು ಕೂಡ್ಯಾವು ಅನ್ನೂದು ಒಂದೊಂದು ಬಂಡೀಗೆ ಒಂದೊಂದು. ಬಂಡೀಯಿಂದ ಬಾವಿ ನೀರಿಗೆ, ನೀರಿನಿಂದ ಕೂಸಿನ ಹಲ್ಲಿಗೆ. ಎಲುಬು ಬದಲಾಗ್ತೈತಿ, ಹಲ್ಲಿನ ಮ್ಯಾಲಿನ ಬಿಳೇ ಪದರ ಮಾತ್ರ ಒಮ್ಮೆ ಕಟ್ಟಿತಂದ್ರ ಮುಗೀತು. ನೀವು ಏಳನೇ ವರ್ಷಕ್ಕ ಯಾವ ಬಾವಿ ನೀರು ಕುಡಿದಿದ್ರಿ ಅನ್ನೂದನ್ನ ಎಪ್ಪತ್ತನೇ ವರ್ಷಕ್ಕೂ ನಿಮ್ಮ ದವಡಿ ಹೇಳ್ತೈತಿ.”

ಯಂತ್ರದ ಮೂತಿಯನ್ನು ಹಲ್ಲಿಗೆ ತಾಗಿಸಿದರೆ ಬೆಳಕಿನ ಸೂಜಿಯೊಂದು ಕೂದಲೆಳೆಯಷ್ಟು ಪದರವನ್ನು ಸುಡುತ್ತಿತ್ತು. ಆ ಹೊಗೆಯನ್ನು ತೂಗಿ, ಇಡೀ ಸೀಮೆಯ ಬಾವಿಗಳ ನೀರುನಕ್ಷೆಯ ಜೊತೆ ತಾಳೆ ಹಾಕಿ, ಊರಿನ ಹೆಸರಿನ ಚೀಟಿ ಉಗುಳುತ್ತಿತ್ತು. ಅವತ್ತು ಕೇಂದ್ರದ ಸಿಬ್ಬಂದಿಯೆಲ್ಲ ತಮಾಷೆಗೆ ಬಾಯಿ ತೆರೆದರು. ಅಡುಗೆಯವಳ ಚೀಟಿಯಲ್ಲಿ ಅವಳ ತವರು, ಕಸ ಗುಡಿಸುವವನ ಚೀಟಿಯಲ್ಲಿ ಅವನ ಊರು. ಯಂಕಪ್ಪನ ಸರದಿ ಬಂದಾಗ ಯಂತ್ರ ಮೂರು ಸಲ ಗುರುಗುಟ್ಟಿ “ಊರು ತಿಳಿಯದು” ಎಂದಿತು.

“ಏ ಯಂಕಪ್ಪಣ್ಣ, ಮೊದಲು ನಿನಗ ಒಂದು ಚಾಪಿ ಹಾಕಬೇಕಲೇ!” ಎಂದು ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಯಂಕಪ್ಪನೂ ನಕ್ಕ. ಅವನಿಗೆ ಕಾರಣ ಗೊತ್ತಿತ್ತು. ಅವನ ಅಪ್ಪ ಮಾರೆಪ್ಪ ಬಾವಿ ಹೂಳು ತೆಗೆಯುವವನು. ಬೇಸಿಗೆ ಬಂತೆಂದರೆ ಹಗ್ಗ, ಬುಟ್ಟಿ, ಸಲಿಕೆ, ಹೆಂಡತಿ, ಮಕ್ಕಳು ಎಲ್ಲವನ್ನೂ ಕತ್ತೆಯ ಮೇಲೆ ಹೇರಿಕೊಂಡು ಊರೂರು. ಯಂಕಪ್ಪ ಕುಡಿಯದ ಬಾವಿಯಿಲ್ಲ. ಸೂಡಿಹಾಳದ ನೀರು ನಾಲಗೆಗೆ ಸ್ವಲ್ಪ ಜಿಗುಟು. ಕೊಟಗಿಯದು ಸವಳು, ಬೇಳೆ ಬೇಯುತ್ತಿರಲಿಲ್ಲ. ಕರಿನಾಳದ್ದು ಮಾತ್ರ ಬಾಯಿಗಿಟ್ಟರೆ ಕಬ್ಬಿನ ಸಿಪ್ಪೆಯ ತಂಪು. ಅವನ ಹಲ್ಲಿನಲ್ಲಿ ಇಷ್ಟೂ ಬಾವಿಗಳು ಬೆರೆತು ಕೂತಿದ್ದರೆ ಪಾಪ, ಯಂತ್ರ ಏನು ಮಾಡೀತು?

ಅವತ್ತಿನ ನಗುವಿನಲ್ಲಿ ಒಂದು ಮಾತನ್ನು ಮಾತ್ರ ಅವನು ಯಾರಿಗೂ ಹೇಳಲಿಲ್ಲ. ಆ ನೀರುನಕ್ಷೆಗೆ ನಲವತ್ತೊಂದು ಊರಿನ ನೀರು ತಂದುಕೊಟ್ಟವನು ಅವನೇ. ಇಪ್ಪತ್ತನಾಲ್ಕು ವರ್ಷದ ಹಿಂದೆ, ಬಾವಿ ಬಲ್ಲವನ ಮಗ ಎಂದು ಕರೆದು, ನಲವತ್ತೊಂದು ಗಾಜಿನ ಸೀಸೆ ಕೊಟ್ಟು ಕಳಿಸಿದ್ದರು. ಆ ಕೆಲಸವೇ ಮುಂದೆ ಅವನನ್ನು ಪಾಲಿಕೆಯ ನೌಕರನನ್ನಾಗಿ ಮಾಡಿತ್ತು. ನಲವತ್ತು ಸೀಸೆಗಳಲ್ಲಿ ಆಯಾ ಊರಿನ ನೀರಿತ್ತು. ಒಂದರಲ್ಲಿ ಇರಲಿಲ್ಲ.

*

ಗುರುವಾರ ಬೆಳಿಗ್ಗೆ ಫಕೀರವ್ವ ತನ್ನ ಚೀಟಿಯನ್ನು ಯಂಕಪ್ಪನ ಮೇಜಿನ ಮೇಲೆ ಎಸೆದಳು.

“ಇದನ್ನ ನಿನ್ನ ಯಂತ್ರಕ್ಕ ವಾಪಸ್ ತಿನಸು.”

ಎಪ್ಪತ್ತರ ಆಸುಪಾಸಿನ ಮುದುಕಿ. ಐದು ತಿಂಗಳ ಹಿಂದೆ ತರಕಾರಿ ಮಾರ್ಕೆಟ್ಟಿನ ಹಿಂದೆ ಜ್ವರದಲ್ಲಿ ಬಿದ್ದಿದ್ದವಳನ್ನು ತಂದು ಹಾಕಿದ್ದರು. ಈಗ ಎದ್ದು ಓಡಾಡಿಕೊಂಡು, ಅಡುಗೆಮನೆಯಲ್ಲಿ ಸೊಪ್ಪು ಸೋಸಿ, ಅಡುಗೆಯವಳಿಗೆ ಬುದ್ಧಿ ಹೇಳುವಷ್ಟು ಗಟ್ಟಿಯಾಗಿದ್ದಳು. ಬಾಯಲ್ಲಿ ಉಳಿದಿದ್ದ ಹಲ್ಲು ಏಳು.

“ಯಾಕಬೇ, ಏನಾತು?”

“ಗುಂಡಕೇರಿ ಅಂತ ಬರದೈತಂತ. ನಾ ಹುಟ್ಟಿದಾಗಿಂದ ಗುಂಡಕೇರಿ ದಿಕ್ಕಿಗೆ ತಲಿ ಹಾಕಿ ಮಲಗಿಲ್ಲ. ಅಲ್ಲಿಂದ ಮೊನ್ನೆ ಇಬ್ಬರು ಬಂದು ನನ್ನ ಮಾರಿ ನೋಡಿ, ‘ಈ ಮುದುಕಿ ನಮ್ಮಾಕಿ ಅಲ್ಲ’ ಅಂತ ಹೇಳಿ ಹೋದ್ರು. ನಾನೂ ಅವರಿಗೆ ಹೇಳ್ದೆ, ನೀವೂ ನನ್ನವರಲ್ಲ ಹೋಗ್ರೆಪಾ ಅಂತ. ಈಗ ಸೋಮವಾರ ನನ್ನ ಗಾಡ್ಯಾಗ ಹಾಕಿ ಅಲ್ಲೇ ಒಗದು ಬರ್ತಾರಂತ.”

“ಮತ್ತ ನಿಂದು ಯಾವೂರು?”

“ಕರಿನಾಳ. ಹುಟ್ಟಿದ್ದೂ ಅಲ್ಲೇ, ಕೊಟ್ಟಿದ್ದೂ ಅಲ್ಲೇ, ಸ್ವಾದರಮಾವಗ.”

ಯಂಕಪ್ಪನ ಕೈಯಲ್ಲಿದ್ದ ಪೆನ್ನು ಕೆಳಗೆ ಬಿತ್ತು. ಎತ್ತಿಕೊಳ್ಳುವ ನೆಪದಲ್ಲಿ ಮೇಜಿನ ಕೆಳಗೇ ಸ್ವಲ್ಪ ಹೊತ್ತು ಬಗ್ಗಿದ.

ಕರಿನಾಳ ಈಗ ಇಲ್ಲ. ಇಪ್ಪತ್ತು ವರ್ಷದ ಹಿಂದೆ ಸರ್ಕಾರ ಆ ಊರನ್ನೂ ಹೊಲಗಳನ್ನೂ ಸೂರ್ಯನ ಕರೆಂಟಿನ ಫಲಕಗಳಿಗಾಗಿ ಎಬ್ಬಿಸಿತು. ಬಾವಿಯನ್ನು ಮುಚ್ಚಿ ಅದರ ಮೇಲೆ ಕಾಂಕ್ರೀಟಿನ ಕಂಬ ನಿಲ್ಲಿಸಿದರು. ಜನ ಸಿಕ್ಕಸಿಕ್ಕ ಕಡೆ ಚೆದುರಿದರು. ಫಕೀರವ್ವನ ಗಂಡ ಸತ್ತ, ಕಾಗದಪತ್ರ ಆಮೇಲೆ ಕಟ್ಟಿಕೊಂಡ ಗುಡಿಸಲಿನ ಜೊತೆ ಸುಟ್ಟುಹೋಯಿತು. ಅವಳು ಕರಿನಾಳದವಳೆಂದು ಹೇಳಬಲ್ಲದ್ದು ಅವಳ ಹಲ್ಲೊಂದೇ. ಹಾಗೆ ಹೇಳಿದ್ದರೆ ಅವಳು ಎಬ್ಬಿಸಿದ ಊರಿನವಳು, ಯಾವ ವ್ಯಾನೂ ಅವಳನ್ನು ಮುಟ್ಟುವಂತಿಲ್ಲ. ಆದರೆ ನಕ್ಷೆಯಲ್ಲಿ ಕರಿನಾಳದ ಹೆಸರಿನ ಮುಂದೆ ಕೂತಿದ್ದದ್ದು ಕರಿನಾಳದ ನೀರಲ್ಲ. ತನಗೆ ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವುದು ಯಂತ್ರಕ್ಕೆ ಸುಲಭಕ್ಕೆ ಬರುತ್ತಿರಲಿಲ್ಲ. ಎಪ್ಪತ್ತು ಕಿಲೋಮೀಟರ್ ಆಚೆ, ಸುಮಾರು ಅಂಥದ್ದೇ ಬಂಡೆಯ ಮೇಲಿದ್ದ ಗುಂಡಕೇರಿಯನ್ನು ತೋರಿಸಿ ಕೈ ತೊಳೆದುಕೊಳ್ಳುತ್ತಿತ್ತು.

ಗುಂಡಕೇರಿ ಎಂಬ ಚೀಟಿ ಇದು ಮೊದಲನೆಯದಲ್ಲ. ಎರಡು ವರ್ಷದ ಹಿಂದೆ ಬಾಚಣಿಗೆ ಮಾರುವ ಕಾಂತಪ್ಪ ಎಂಬ ಮುದುಕನಿಗೂ ಅದೇ ಬಂದಿತ್ತು. ಅವನಿಗೆ ಮರೆವು, ತನ್ನೂರು ಯಾವುದೆಂದು ಹೇಳಲು ಬರುತ್ತಿರಲಿಲ್ಲ. ವ್ಯಾನು ಅವನನ್ನು ಗುಂಡಕೇರಿಯ ಬಸ್ ನಿಲ್ದಾಣದಲ್ಲಿ ಇಳಿಸಿ ಬಂತು. ಅವನು ನಡೆದುಕೊಂಡು ವಾಪಸು ಬಂದ. ಮತ್ತೆ ಬಿಟ್ಟರು, ಮತ್ತೆ ಬಂದ. ಮೂರನೇ ಸಲ ಬರಲಿಲ್ಲ. ದಾರಿಯಲ್ಲಿ ಒಂದು ಸೇತುವೆಯ ಕೆಳಗೆ ಬಾಚಣಿಗೆಯ ಚೀಲ ಸಿಕ್ಕಿತು. ಅವನು ಕರಿನಾಳದವನಿರಬಹುದೆಂಬ ಅನುಮಾನ ಯಂಕಪ್ಪನಿಗೆ ಆಗಲೇ ಬಂದಿತ್ತು. ಅನುಮಾನವನ್ನು ಆ ಚೀಲದ ಜೊತೆ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದ.

“ನೋಡೂಣು ಇರಬೇ,” ಎಂದ. ಅವನ ದನಿ ಅವನಿಗೇ ಸುಳ್ಳೆನಿಸಿತು.

*

ಮಧ್ಯಾಹ್ನ ಊಟಕ್ಕೆ ಮನೆಗೆ ಹೋದವನು ರೊಟ್ಟಿ ಮುರಿದು ಹಾಗೆಯೇ ಕೂತ. ಹೆಂಡತಿ ಲಚಮವ್ವ ತಟ್ಟೆಗೆ ಶೇಂಗಾ ಚಟ್ನಿ ಹಾಕುತ್ತ ಅವನ ಮುಖ ನೋಡಿದಳು.

“ಯಾರರ ಸತ್ತಾರೇನು?”

“ಕೇಂದ್ರದಾಗ ಕರಿನಾಳದಾಕಿ ಒಬ್ಬಾಕಿ ಅದಾಳ.”

ಲಚಮವ್ವನ ಕೈ ನಿಂತಿತು. ಮದುವೆಯಾಗಿ ಮೂವತ್ತು ವರ್ಷದಲ್ಲಿ ಗಂಡನ ಬಾಯಲ್ಲಿ ಆ ಊರಿನ ಹೆಸರು ಅವಳು ಕೇಳಿದ್ದು ಒಂದೇ ಸಲ, ಮಾವನ ಹೆಣ ತಂದ ದಿನ.

ಆಗ ಯಂಕಪ್ಪನಿಗೆ ಇಪ್ಪತ್ತೆಂಟು. ಕರಿನಾಳದ ಬಾವಿಯ ಹೂಳು ತೆಗೆಯುವ ಕೆಲಸದ ಐದನೇ ದಿನ. ಮಾರೆಪ್ಪ ಎಂದಿನಂತೆ ಮೊದಲು ದೀಪ ಇಳಿಸಿ, ಅದು ಆರದೆ ಉರಿಯುವುದನ್ನು ನೋಡಿ, ತಾನು ಇಳಿದ. ಯಂಕಪ್ಪ ಮೇಲೆ ಹಗ್ಗದ ಹತ್ತಿರ. ಕೆಳಗಿನಿಂದ ಅಪ್ಪನ ಹಾಡು ಬರುತ್ತಿತ್ತು. ಪದವಿಲ್ಲದ ಹಾಡು, ಹೋಯ್ ಹೋಯ್ ಎಂಬ ಉಸಿರಿನ ಹಾಡು. ಬಾವಿಯ ಗೋಡೆಗೆ ಬಡಿದು ಬರುವಾಗ ಅದು ನಾಲ್ಕು ಜನ ಹಾಡಿದಂತೆ ಕೇಳುತ್ತಿತ್ತು. ಹಾಡು ಇದ್ದಕ್ಕಿದ್ದಂತೆ ನಿಂತಿತು. ಆಮೇಲೆ ಬಾವಿಗೋಡೆಯ ಕಲ್ಲು ಜರಿದ ಸದ್ದು.

ಎರಡು ವರ್ಷದ ನಂತರ ಅದೇ ಬಾವಿಗೆ ಸೀಸೆ ಹಿಡಿದು ಹೋಗಬೇಕಾಗಿ ಬಂತು. ನಲವತ್ತು ಊರು ಮುಗಿಸಿ ಸೈಕಲ್ಲಿನಲ್ಲಿ ಕರಿನಾಳದ ಅಗಸಿ ಬಾಗಿಲ ತನಕ ಹೋದ. ಬಾವಿಕಟ್ಟೆ ಕಾಣಿಸಿತು. ಕೊಡ ಹೊತ್ತ ಹೆಂಗಸರು ಕಾಣಿಸಿದರು. ಕಾಲು ಮುಂದೆ ಹೋಗಲಿಲ್ಲ. ಸೈಕಲ್ ತಿರುಗಿಸಿ ಸೂಡಿಹಾಳಕ್ಕೆ ಬಂದು, ಒಂದೇ ಬಾವಿಯಿಂದ ಎರಡನೇ ಸೀಸೆಯನ್ನೂ ತುಂಬಿ, ಅದರ ಮೇಲೆ ‘ಕರಿನಾಳ’ ಎಂದು ಬರೆದ. ನೀರು ನೀರೇ ಅಲ್ಲವೇ ಎಂದುಕೊಂಡ. ನೀರು ನೀರೇ ಅಲ್ಲವೆನ್ನುವುದು ಮೂವತ್ತು ಬೇಸಿಗೆ ಬಾವಿ ದಂಡೆಯಲ್ಲಿ ಕಳೆದವನಿಗೆ ಗೊತ್ತಿರಬೇಕಾಗಿತ್ತು. ಗೊತ್ತೂ ಇತ್ತು.

ಇಷ್ಟನ್ನು ಹೇಳಿ ಮುಗಿಸುವಷ್ಟರಲ್ಲಿ ರೊಟ್ಟಿ ಆರಿ ಕಟ್ಟಿಗೆಯಾಗಿತ್ತು. ಲಚಮವ್ವ ಅದನ್ನು ತೆಗೆದು ಬಿಸಿಯದನ್ನು ಹಾಕಿದಳು.

“ಇಷ್ಟು ವರ್ಷ ನೀ ಯಾರ ಮನ್ಯಾಗೂ ಬಾವಿ ನೀರು ಮುಟ್ಟಿಲ್ಲ. ನಾ ಯಾಕಂತ ಕೇಳಿಲ್ಲ. ಈಗ ಕೇಳೂದು ಒಂದ. ಹೇಳಿದ್ರ ನೌಕರಿ ಉಳಿತೈತೇನು?”

“ಉಳಿಯಂಗಿಲ್ಲ. ಇನ್ನ ನಾಕು ವರ್ಷ ಇತ್ತು.”

“ಹೇಳದಿದ್ರ ಆ ಮುದುಕಿ ಉಳಿತಾಳೇನು?”

ಯಂಕಪ್ಪ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಲಚಮವ್ವ ಒಲೆಯ ಕಡೆ ತಿರುಗಿ ಕೂತಳು.

“ಉಣ್ಣು. ಹಸಕೊಂಡು ಹೋದ್ರ ಅರ್ಧ ಮಾತು ಹೇಳಿ ಬರ್ತಿ ನೀ. ನಿನ್ನ ನಾ ಬಲ್ಲೆ.”

*

ಉಂಡವನು ನೇರ ಪಾಲಿಕೆಗೆ ಹೋಗಬೇಕೆಂದೇ ಹೊರಟ. ಧೈರ್ಯ ಸಾಲದೆ ಕೇಂದ್ರಕ್ಕೆ ಬಂದ. ಅಂಗಳದ ಬೇವಿನ ನೆರಳಿನಲ್ಲಿ ಫಕೀರವ್ವ ಪುಂಡಿ ಸೊಪ್ಪು ಸೋಸುತ್ತಿದ್ದಳು. ಯಂಕಪ್ಪ ಅವಳೆದುರು ಕುಕ್ಕುರುಗಾಲಿನಲ್ಲಿ ಕೂತು ತಾನೂ ಒಂದು ಹಿಡಿ ಎತ್ತಿಕೊಂಡ.

“ಕರಿನಾಳದಾಗ ಬಾವಿ ಹ್ಯಾಂಗಿತ್ತಬೇ?”

ಮುದುಕಿಯ ಮುಖ ಅರಳಿತು. ಐದು ತಿಂಗಳಲ್ಲಿ ಅವಳನ್ನು ಯಾರೂ ಇಂಥ ಪ್ರಶ್ನೆ ಕೇಳಿರಲಿಲ್ಲ. ವಯಸ್ಸು, ರೋಗ, ಹೆಬ್ಬೆಟ್ಟು, ಇಷ್ಟೇ ಕೇಳಿದ್ದರು.

“ಬಾವಿ ಅಂದ್ರ ಬಾವಿ ಅಪಾ ಅದು. ಇಪ್ಪತ್ತೆರಡು ಪಾವಟಿಗಿ ಇಳೀಬೇಕು. ಮ್ಯಾಲಿನ ಏಳರ ಮ್ಯಾಲೆ ಬಿಸಲು, ಕೆಳಗಿಂದೆಲ್ಲ ತಂಪು. ಸಣ್ಣಾಕಿದ್ದಾಗ ನಮ್ಮವ್ವ ಹುಡುಕೊಂಡು ಬಂದ್ರ ನಾ ಎಂಟನೇ ಪಾವಟಿಗಿ ಮ್ಯಾಲೆ ನಿದ್ದಿ ಮಾಡ್ತಿದ್ದೆ. ಅದರ ನೀರಾಗ ಅಕ್ಕಿ ಕುದಿಸಿದ್ರ ಉಪ್ಪು ಬ್ಯಾಡ, ಬರೇ ಅನ್ನಾನ ತಿಂತಿದ್ವಿ.”

ಸೊಪ್ಪಿನ ಕಡ್ಡಿ ಮುರಿಯುತ್ತ ಮುಂದುವರಿಸಿದಳು:

“ಮೂರು ವರ್ಷಕ್ಕೊಮ್ಮೆ ಹೂಳು ತೆಗಿಯಾಕ ಮಾರೆಪ್ಪ ಅಂತ ಒಬ್ಬಾಂವ ಬರ್ತಿದ್ದ. ಅಂವ ಕೆಳಗ ಹಾಡಿದ್ರ ಮ್ಯಾಲೆ ನಾವು ಹೆಣ್ಣುಮಕ್ಕಳು ಕೆಲಸ ಬಿಟ್ಟು ದಂಡಿಗೆ ಬರ್ತಿದ್ವಿ. ಹೂಳು ಮುಗದು ನೀರಿನ ಸೆಲಿ ಒಡೀತಂದ್ರ ‘ಬಂದ್ಲು ನೋಡ್ರೇ!’ ಅಂತ ಒದರ್ತಿದ್ದ. ಮೊದಲಿನ ನೀರು ಅವಂದು, ಅದು ನಮ್ಮೂರ ಪದ್ಧತಿ. ಆದ್ರ ಅವಾಗಿನ ಕಾಲ ಹೇಸಿ ಕಾಲ. ತಂಬಿಗಿ ಅವನ ಕೈಗೆ ಕೊಡ್ತಿದ್ದಿಲ್ಲ. ಮುಟ್ಟದಂಗ ಮ್ಯಾಲಿಂದ ಬೊಗಸಿಗೆ ಸುರೀತಿದ್ವಿ.”

ಯಂಕಪ್ಪ ತಲೆ ಎತ್ತಲಿಲ್ಲ. ಆ ಬೊಗಸೆಯನ್ನು ಅವನು ನೋಡಿದ್ದ. ಬೆರಳ ಸಂದಿಯಿಂದ ಸೋರಿದ ನೀರು ಮೊಣಕೈಯ ಕೆಸರನ್ನು ತೊಳೆದು ಗೆರೆಗೆರೆಯಾಗಿ ಇಳಿಯುತ್ತಿತ್ತು.

“ಕಡೀ ಸಲ ಬಂದಾಗ ಆ ತಂಬಿಗಿ ಹಿಡ್ಕೊಂಡು ನಿಂತಾಕಿ ನಾನ. ‘ಬಂದ್ಲು’ ಅಂತಾನ, ಈಗ ಅಂತಾನ ಅಂತ ಕಾಯ್ತಿದ್ದೆ. ಹಾಡು ನಿಂತು ಹೋತು. ಕಲ್ಲು ಜರದಿತ್ತು.” ಫಕೀರವ್ವ ಸೊಪ್ಪನ್ನು ಬುಟ್ಟಿಗೆ ಹಾಕಿದಳು. “ಮೂರು ತಿಂಗಳು ಊರಾಗ ಯಾರೂ ಆ ನೀರು ಮುಟ್ಟಲಿಲ್ಲ. ಆಮ್ಯಾಲೆ ಮುಟ್ಟಿದ್ವಿ. ಏನು ಮಾಡೂದು, ಬ್ಯಾರೆ ನೀರಿರಲಿಲ್ಲ. ಅಂವಗೊಬ್ಬ ಮಗ ಇದ್ದ, ಹಗ್ಗದ ಕಡೆ. ಆ ಹುಡುಗನ ಮಾರಿ ನೋಡಾಕ ಆಗಲಿಲ್ಲ ನನಗ.”

ಯಂಕಪ್ಪ ಎದ್ದು ನಿಂತ. ಕೈಯಲ್ಲಿದ್ದ ಸೊಪ್ಪು ಕೈಯಲ್ಲೇ ಇತ್ತು. ಹಾಗೆಯೇ ರಸ್ತೆಗೆ ಇಳಿದು, ಪಾಲಿಕೆಯ ಕಟ್ಟಡದ ನಾಲ್ಕನೇ ಮಹಡಿಯಲ್ಲಿದ್ದ ನೀರುನಕ್ಷೆಯ ಕೋಣೆಗೆ ಹೋದ.

*

ಗೋಡೆಯಷ್ಟು ದೊಡ್ಡ ಪರದೆಯ ಮೇಲೆ ಇಡೀ ಸೀಮೆ ಬಣ್ಣಬಣ್ಣದ ಚುಕ್ಕೆಗಳಾಗಿ ಹರಡಿಕೊಂಡಿತ್ತು. ಒಂದೊಂದು ಚುಕ್ಕೆ ಒಂದೊಂದು ಬಾವಿ. ಶಬಾನಾ ಯಂತ್ರದ ಮುಂದೆ ಕೂತಿದ್ದರು. ಪಕ್ಕದಲ್ಲಿ ಉಸ್ತುವಾರಿ ಸಮಿತಿಯ ಅಧಿಕಾರಿ ಬೀಳಗಿ ಸಾಹೇಬರು ಚಹಾ ಕುಡಿಯುತ್ತಿದ್ದರು. ಕೇಂದ್ರಗಳಿಗೆ ಬರುವ ಹಣಕ್ಕೂ ಹೋಗುವ ಜನಕ್ಕೂ ಅವರೇ ಕಾವಲು.

ಯಂಕಪ್ಪ ನಿಂತುಕೊಂಡೇ ಎಲ್ಲವನ್ನೂ ಹೇಳಿದ. ಲಚಮವ್ವ ಹೆದರಿದಂತೆ ಅರ್ಧ ಹೇಳಿ ಬಿಡಲಿಲ್ಲ. ಕಾಂತಪ್ಪನ ಹೆಸರನ್ನೂ ಹೇಳಿದ.

ಶಬಾನಾ ಎದ್ದು ಗಾಜಿನ ಕಪಾಟು ತೆಗೆದರು. ಹಳೆಯ ಸೀಸೆಗಳು ಸಾಲಾಗಿದ್ದವು. ಸೂಡಿಹಾಳದ್ದನ್ನೂ ಕರಿನಾಳದ್ದನ್ನೂ ಹೊರತೆಗೆದು ಎರಡರ ಅಂಕಿ ಪರದೆಗೆ ತಂದರು. ಕೊನೆಯ ಅಂಕಿಯ ತನಕ ಒಂದೇ.

“ಇದನ್ನ ನಾ ಮೊದಲ ನೋಡಬೇಕಿತ್ತು,” ಎಂದರು. “ಆಜುಬಾಜಿನ ಊರು, ಹೊಂದಿರಬೇಕು ಅಂತ ಬಿಟ್ಟೆ. ತಪ್ಪು ನಂದೂ ಐತಿ.”

ಬೀಳಗಿ ಬಟ್ಟಲು ಕೆಳಗಿಟ್ಟರು. “ಶಬಾನಾ, ಆಜುಬಾಜಿನ ಊರು ಹೊಂದಬಾರದಂತ ಏನೂ ಇಲ್ಲಲ್ಲ? ಯಂಕಪ್ಪ, ನೀ ಖರೆ ಹೇಳ್ತಿದ್ದಿ ಅಂತ ನನಗ ಅನಸ್ತೈತಿ. ಆದ್ರ ನನಗ ಅನಸೂದು ಕಾಗದದ ಮ್ಯಾಲೆ ನಿಲ್ಲಂಗಿಲ್ಲ. ಮುದುಕಿ ಮ್ಯಾಲೆ ಕನಿಕರ ಬಂದು ಮೇಲ್ವಿಚಾರಕ ಸುಳ್ಳು ಹೇಳ್ಯಾನ ಅಂತ ನಾಳೆ ರಾಜ್ಯದವರು ಅಂದ್ರ ಏನು ಹೇಳ್ಲಿ? ನಿನ್ನ ಮಾತಿನ ಮ್ಯಾಲೆ ನಿನ್ನ ಅಮಾನತು ಮಾಡಬಹುದು. ನಿನ್ನ ಮಾತಿನ ಮ್ಯಾಲೆ ನಕ್ಷೆ ತಿದ್ದಾಕ ಬರಂಗಿಲ್ಲ.”

“ಅಂದ್ರ ನನ್ನ ಕೆಡಸಾಕ ನನ್ನ ಮಾತು ಸಾಕು, ಆಕಿನ್ನ ಉಳಸಾಕ ಸಾಲಂಗಿಲ್ಲ. ಹೌದಿಲ್ರೀ ಸಾಹೇಬ್ರ?”

ಬೀಳಗಿಯವರು ಕಿಟಕಿಯ ಕಡೆ ನೋಡಿದರು. ಕೆಟ್ಟ ಮನುಷ್ಯನೇನಲ್ಲ. ಕೆಟ್ಟ ನಿಯಮವನ್ನು ಒಳ್ಳೆಯ ಮನುಷ್ಯರು ಚಾಚೂ ತಪ್ಪದೆ ನಡೆಸುವುದನ್ನು ನೋಡಿದರೆ ಮೈಯೆಲ್ಲ ಉರಿಯುತ್ತದೆ, ಅಷ್ಟೇ.

“ಬಾವಿ ಮುಚ್ಚೈತಿ, ನೀರು ಸಿಗಂಗಿಲ್ಲ,” ಎಂದರು ಶಬಾನಾ. “ಊರಿನ ಮಂದಿ ಸಿಕ್ಕರೂ ಅವರು ಆ ಊರಿನವರು ಅಂತ ತೋರಸೂ ಕಾಗದ ಇಲ್ಲ. ಆ ಜಾಗದಾಗ, ಆ ಮಣ್ಣಿನಾಗ ಸಿಕ್ಕ ಹಲ್ಲು ಬೇಕು. ನಾನ ಹೋಗಿ, ಚಿತ್ರ ತಗದು, ಕೈಯಾರೆ ತರಬೇಕು. ಹಂಗಾದ್ರ ಒಪ್ತೀರಿ, ಸರ್?”

“ಸೋಮವಾರ ಹತ್ತು ಗಂಟೆ ಒಳಗ ತಂದ್ರ ಒಪ್ತೇನಿ. ಆದ್ರ ಹಲ್ಲು ಎಲ್ಲಿ ಸಿಗ್ತಾವ? ಸ್ಮಶಾನ ಅಗೀತೀರೇನು?”

*

“ಸ್ಮಶಾನ ಯಾಕ?” ಎಂದಳು ಫಕೀರವ್ವ, ವಿಷಯ ಕೇಳಿ. “ಮಾಳಿಗಿ ಮ್ಯಾಲೆ ಅದಾವಲ್ಲ.”

ಯಂಕಪ್ಪ ಹಣೆ ಬಡಿದುಕೊಂಡ. ಊರೂರು ಅಲೆದವರಿಗೆ ಸ್ವಂತ ಮಾಳಿಗೆಯಿಲ್ಲ. ಅವನ ಹಾಲುಹಲ್ಲುಗಳು ಯಾವ ಯಾವ ಊರಿನ ಯಾರ ಮನೆಯ ಮೇಲೆ ಬಿದ್ದವೋ. ಮನೆಯಿದ್ದವರು ಮಾತ್ರ ಮಗುವಿನ ಹಲ್ಲು ಬಿದ್ದಾಗ ಅದನ್ನು ಸಗಣಿಯ ಉಂಡೆಯಲ್ಲಿಟ್ಟು ತಮ್ಮದೇ ಮಣ್ಣಿನ ಮಾಳಿಗೆಯ ಮೇಲೆ ಎಸೆಯುತ್ತಿದ್ದರು. ಮಳೆಗಾಲಕ್ಕೆ ಮುಂಚೆ ಪ್ರತಿ ವರ್ಷ ಮಾಳಿಗೆಗೆ ಹೊಸ ಸವಳುಮಣ್ಣು ಬೀಳುತ್ತಿತ್ತು. ಹಲ್ಲುಗಳು ಪದರ ಪದರವಾಗಿ ಒಳಗೇ ಉಳಿಯುತ್ತಿದ್ದವು.

ಯಂಕಪ್ಪನ ಜೊತೆ ಕೇಂದ್ರಕ್ಕೆ ಬಂದಿದ್ದ ಶಬಾನಾ ಮುದುಕಿಯ ಎರಡೂ ಕೈ ಹಿಡಿದುಕೊಂಡರು. “ಹಾಲುಹಲ್ಲು ಇನ್ನೂ ಚಲೋ ಆತವ್ವಾ. ಅದರ ಬಿಳೇ ಪದರ ಕೂಸು ಹೊಟ್ಯಾಗಿದ್ದಾಗಿಂದ ಕಟ್ಟಾಕ ಸುರು. ತಾಯಿ ಕುಡದ ನೀರ ಅದು.”

ಭಾನುವಾರ ಪಾಲಿಕೆಯ ಜೀಪಿನಲ್ಲಿ ಮೂವರೂ ಹೋದರು. ಮೈಲುಗಟ್ಟಲೆ ಕಪ್ಪು ಫಲಕಗಳು ಬಿಸಿಲಿಗೆ ಮುಖ ಕೊಟ್ಟು ನಿಂತಿದ್ದವು. ಅಗಸಿಯಿದ್ದ ಜಾಗದಲ್ಲಿ ತಂತಿ ಬೇಲಿ. ಕಾವಲುಗಾರ ಶಬಾನಾ ತೋರಿಸಿದ ಪತ್ರ ಓದಿ ಒಳಗೆ ಬಿಟ್ಟ. ಬಾವಿಯಿದ್ದ ಕಡೆಯ ಕಾಂಕ್ರೀಟ್ ಕಂಬವನ್ನು ಯಂಕಪ್ಪ ದೂರದಿಂದಲೇ ಗುರುತು ಹಿಡಿದ. ಈ ಸಲ ಕಾಲು ತಿರುಗಲಿಲ್ಲ. ಹತ್ತಿರ ಹೋಗಿ ಕಂಬದ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಂತ. ಕಾದ ಕಾಂಕ್ರೀಟು ಕೈ ಸುಟ್ಟಿತು.

ಫಕೀರವ್ವ ಫಲಕಗಳ ಸಾಲಿನ ನಡುವೆ ಬೆನ್ನು ಬಗ್ಗಿಸಿ ಓಡಾಡಿದಳು. ಮನೆಗಳಿದ್ದ ಕಡೆ ಬರೀ ಮಣ್ಣಿನ ಗುಡ್ಡೆ, ಮೇಲೆ ಜಾಲಿ. ಅವಳಿಗೆ ಒಂದೂ ಗುರುತು ಸಿಗಲಿಲ್ಲ. ಮಧ್ಯಾಹ್ನವಾಗುತ್ತ ಬಂತು. ಶಬಾನಾ ಗಡಿಯಾರ ನೋಡಿದರು. ಆಗ ಮುದುಕಿ ಒಂದು ಗುಡ್ಡೆಯ ಅಂಚಿನಲ್ಲಿ ಕೂತು, ಕೈಯಿಂದ ಮಣ್ಣು ಸರಿಸತೊಡಗಿದಳು. ನೆಲದಲ್ಲಿ ಹೂತ ಒರಳಿನ ಬಾಯಿ ಕಾಣಿಸಿತು. ಅಂಚಿನಲ್ಲಿ ಒಂದು ಕಡೆ ಚಕ್ಕೆ ಎದ್ದಿತ್ತು.

“ಇದ. ಈ ಚಕ್ಕಿ ಎಬ್ಬಿಸಿದ್ದು ನನ್ನ ಹಿರೇ ಮಗಳು. ಅದಕ್ಕ ಹೊಡದಿದ್ದೆ ಆಕಿನ್ನ.” ಅವಳು ಒರಳಿನ ಗುಂಡಿಯೊಳಗೆ ಕೈಯಿಟ್ಟು ಸವರಿದಳು. “ಸುಮ್ಮ ಹೊಡದೆ.”

ಯಂಕಪ್ಪ ಜೀಪಿನಿಂದ ಅಪ್ಪನ ಜಾಲರಿ ಬುಟ್ಟಿಯನ್ನು ತಂದ. ಅವತ್ತು ಬಾವಿ ದಂಡೆಯಿಂದ ಹೊತ್ತು ತಂದ ಬುಟ್ಟಿ, ಮನೆಯ ಅಟ್ಟದ ಮೇಲೆ ಬಿದ್ದಿತ್ತು. ಬಾವಿಯ ಹೂಳನ್ನು ಅದರಲ್ಲಿ ಜಾಲಿಸಿ ಊರಿನವರು ಕಳೆದುಕೊಂಡದ್ದನ್ನು ಮಾರೆಪ್ಪ ಹುಡುಕಿ ಕೊಡುತ್ತಿದ್ದ: ಮೂಗುತಿ, ಕಾಲುಂಗುರ, ತಂಬಿಗೆ. ಕುಸಿದ ಮಾಳಿಗೆಯ ಮಣ್ಣನ್ನು ಬುಟ್ಟಿಗೆ ಹಾಕಿ, ನೀರು ಹೊಯ್ದು, ಮೊಣಕೈ ಆಡಿಸದೆ ಮಣಿಕಟ್ಟಿನಲ್ಲೇ ತಿರುಗಿಸತೊಡಗಿದ. ಕೈ ಮರೆತಿರಲಿಲ್ಲ. ಅವನಿಗೇ ಗೊತ್ತಿಲ್ಲದೆ ಗಂಟಲಿನಿಂದ ಹೋಯ್ ಹೋಯ್ ಎಂಬ ಉಸಿರು ಹೊರಟಿತು. ಫಕೀರವ್ವ ಒಮ್ಮೆ ತಲೆಯೆತ್ತಿ ಅವನನ್ನು ನೋಡಿದಳು. ಮತ್ತೆ ಮಣ್ಣಿಗೆ ಬಗ್ಗಿದಳು.

ಹದಿನೆಂಟು ಬುಟ್ಟಿ ಬರಿದಾದವು. ಹತ್ತೊಂಬತ್ತನೆಯದರಲ್ಲಿ ಅಕ್ಕಿಕಾಳಿಗಿಂತ ಸ್ವಲ್ಪ ದಪ್ಪನೆಯದೊಂದು ಬಿಳಿಯ ಚೂರು ಉಳಿಯಿತು. ಶಬಾನಾ ಅದನ್ನು ಇಕ್ಕಳದಲ್ಲಿ ಎತ್ತಿ ಬಿಸಿಲಿಗೆ ಹಿಡಿದರು.

“ಹಲ್ಲು.”

ಸಂಜೆಯೊಳಗೆ ಐದು ಸಿಕ್ಕವು. ಫಕೀರವ್ವನಿಗೆ ಮೂವರು ಮಕ್ಕಳಿದ್ದರು. ಯಾರೂ ಈಗ ಇಲ್ಲ. ಐದನ್ನೂ ಅಂಗೈಯಲ್ಲಿ ಹಾಕಿಸಿಕೊಂಡು, “ಯಾವುದು ಯಾರದೋ, ಎಲ್ಲಾ ಒಂದ ತರ ಕಾಣ್ತಾವು ನೋಡ್ರಿ,” ಎಂದು ನಕ್ಕಳು. ಆಮೇಲೆ ಒಂದೊಂದಾಗಿ ಶಬಾನಾರ ಡಬ್ಬಿಗೆ ಹಾಕಿದಳು.

*

ಸೋಮವಾರ ಒಂಬತ್ತೂವರೆಗೆ ವ್ಯಾನು ಕೇಂದ್ರದ ಮುಂದೆ ಬಂದು ನಿಂತಿತು. ಶಬಾನಾ ಯಂತ್ರವನ್ನು ಕೇಂದ್ರಕ್ಕೇ ತಂದಿದ್ದರು. ಬೀಳಗಿಯವರ ಎದುರಿನಲ್ಲೇ ಐದು ಹಲ್ಲುಗಳನ್ನು ಒಂದೊಂದಾಗಿ ಇಟ್ಟರು. ಐದೂ ಹೆಚ್ಚುಕಡಿಮೆ ಒಂದೇ ಅಂಕಿ. ಸೂಡಿಹಾಳದ್ದಲ್ಲ, ಗುಂಡಕೇರಿಯದ್ದೂ ಅಲ್ಲ. ನಕ್ಷೆಯಲ್ಲಿ ಎಲ್ಲೂ ಇಲ್ಲದ ಅಂಕಿ.

“ಈಗ ನೀ ಬಾಯಿ ತಗಿಯವ್ವಾ,” ಎಂದರು.

ಫಕೀರವ್ವ ತನ್ನ ಏಳು ಹಲ್ಲಿನ ಬಾಯಿ ತೆರೆದಳು. ಯಂತ್ರ ಗುರುಗುಟ್ಟಿತು. ಅದೇ ಅಂಕಿ.

ಬೀಳಗಿಯವರು ಎರಡು ಸಲ ನೋಡಿದರು. ಹೊರಗೆ ಹೋಗಿ ವ್ಯಾನಿನವನಿಗೆ ಕೈಬೀಸಿ ಹೋಗೆಂದರು. ಬಂದು ಕೂತು, ಕಾಂತಪ್ಪನ ಚೀಟಿಯ ಅಂಕಿಯನ್ನೂ ತೆಗೆಸಿ ನೋಡಿದರು. ಅದೂ ಅದೇ. ಆ ಚೀಟಿಯನ್ನು ಮೇಜಿನ ಮೇಲೆ ಮಗುಚಿಟ್ಟರು. ಆಮೇಲೆ ಜೇಬಿನಿಂದ ಮಡಿಚಿದ ಕಾಗದ ತೆಗೆದು ಯಂಕಪ್ಪನ ಮುಂದಿಟ್ಟರು. ಅಮಾನತಿನ ಆದೇಶ.

“ನಿಯಮ ಐತಿ ಯಂಕಪ್ಪ. ಇದನ್ನ ಶುಕ್ರವಾರನ ಬರದಿದ್ದೆ.”

“ಇರಲಿ ಬಿಡ್ರಿ. ಇದು ಖರೆ ಕಾಗದ.” ಯಂಕಪ್ಪ ಅದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡ. ಕೇಂದ್ರದ ಬೀಗದ ಕೈಗಳನ್ನು ಮೇಜಿನ ಮೇಲಿಟ್ಟ. ಕಾಂತಪ್ಪನ ಚೀಲವನ್ನು ಕಪಾಟಿನಿಂದ ತೆಗೆದು ಬೀಳಗಿಯವರ ಮುಂದಿಟ್ಟ. “ಇದು ಇನ್ನ ನಿಮ್ಮ ಕಡೆ ಇರಲಿ.”

ಶಬಾನಾ ತಮ್ಮ ಕೈಚೀಲದಿಂದ ಹಳೆಯ ಸೀಸೆ ತೆಗೆದರು. ಇಪ್ಪತ್ತನಾಲ್ಕು ವರ್ಷದ ಹಿಂದಿನ ಅದೇ ಸೀಸೆ, ಅವನದೇ ಕೈಬರಹ. ಯಂಕಪ್ಪ ಬಿರಡೆ ತಿರುವಿ, ಒಳಗಿದ್ದ ಸೂಡಿಹಾಳದ ನೀರನ್ನು ಅಂಗಳದ ಬೇವಿನ ಬುಡಕ್ಕೆ ಹೊಯ್ದ. ಶಬಾನಾ ಒಂದು ಹಲ್ಲನ್ನು ಅದರೊಳಗೆ ಬಿಟ್ಟರು. ಟಿಣ್ಣೆಂದಿತು. ಉಳಿದ ನಾಲ್ಕನ್ನು ಫಕೀರವ್ವ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

“ತಂದವರ ಹೆಸರು ಬರೀರಿ,” ಎಂದು ಶಬಾನಾ ಸೀಸೆಗೆ ಹಚ್ಚುವ ಹೊಸ ಚೀಟಿ ಮುಂದೆ ಹಿಡಿದರು.

“ನಾ ಈಗ ನೌಕರ ಅಲ್ರಿ.”

“ನೌಕರನ ಹೆಸರು ಅಂತ ಕೇಳಿಲ್ಲ ಇದರಾಗ. ತಂದವರ ಹೆಸರು.”

ಯಂಕಪ್ಪ ನಿಧಾನವಾಗಿ ಬರೆದ. ಫಕೀರವ್ವ ಓದು ಬಾರದವಳು, ಕತ್ತು ಚಾಚಿ ನೋಡಿದಳು. “ಏನು ಬರದಿ, ಗಟ್ಟಿಯಾಗಿ ಓದು. ನಮ್ಮೂರ ಸೀಸಿ ಅದು.”

“ಕರಿನಾಳ. ತಂದವರು, ಯಂಕಪ್ಪ ಮಾರೆಪ್ಪ ವಡ್ಡರ.”

ಮುದುಕಿ ಅವನ ಮುಖವನ್ನೇ ನೋಡಿದಳು. ಹಣೆ, ಮೂಗು, ಗಲ್ಲ. ನಿನ್ನೆ ಕೇಳಿದ ಉಸಿರಿನ ಹಾಡು ಎಲ್ಲಿಯದೆಂದು ಅವಳಿಗೆ ಆಗ ತಿಳಿಯಿತು.

“ಹಗ್ಗದ ಕಡೆ ನಿಂತಿದ್ದಾಂವ,” ಎಂದಳು.

“ಹೌದಬೇ.”

ಫಕೀರವ್ವ ಮೊಣಕಾಲಿನ ಮೇಲೆ ಕೈಯೂರಿ ಎದ್ದು ಅಡುಗೆಮನೆಗೆ ಹೋದಳು. ಬರುವಾಗ ಕೈಯಲ್ಲಿ ತುಂಬಿದ ತಂಬಿಗೆಯಿತ್ತು. ಯಂಕಪ್ಪನಿಗೆ ಅರಿವಿಲ್ಲದೆಯೇ ಅವನ ಎರಡು ಕೈಗಳು ಕೂಡಿ ಬೊಗಸೆಯಾದವು.

“ಕೈ ತಗಿಯೋ,” ಎಂದು ಗದರಿದಳು. ಬೊಗಸೆ ಬಿಡಿಸಿ, ತಂಬಿಗೆಯನ್ನು ಅವನ ಕೈಯಲ್ಲಿಟ್ಟು, ಅವನ ಬೆರಳುಗಳನ್ನು ಅದರ ಸುತ್ತ ತಾನೇ ಮುಚ್ಚಿದಳು. “ನಿಮ್ಮಪ್ಪಂದು ಉಳದಿತ್ತು ನನ್ನ ಕಡೆ.”

ನಲ್ಲಿಯ ನೀರು. ಅದರಲ್ಲಿ ಯಾವ ಊರಿನ ರುಚಿಯೂ ಇರಲಿಲ್ಲ. ಯಂಕಪ್ಪ ತಂಬಿಗೆಯನ್ನು ತುಟಿಗೆ ಹಚ್ಚಿ ಕೊನೆಯ ಹನಿಯ ತನಕ ಕುಡಿದ.